ಬಾಣಂತಿಗೆ ಮೂತ್ರ ಕಡಿಮೆಯಾದರೆ ಏನು ಮಾಡಬೇಕು?

ನಾನು ರಾಯಚೂರು ಕಡೆ ಆಶಾ ಕಾರ್ಯಕರ್ತೆ. ಗರ್ಭಿಣಿ, ಬಾಣಂತಿ ಯಾರ ಮನೆಗೆ ಹೋದರೂ ಮೊದಲು ಕೇಳುವುದು ಒಂದೇ: "ಇವತ್ತು ಎಷ್ಟು ಸಲ ಮೂತ್ರಕ್ಕೆ ಹೋದೆಯವ್ವಾ?"

ಒಬ್ಬ ಬಾಣಂತಿಗೆ ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತು. ಐದನೇ ದಿನ ನೋಡಿದರೆ ಕಾಲ್ಗೆಜ್ಜೆ ಊದಿದ ಚರ್ಮದೊಳಗೆ ಹೂತುಹೋಗಿತ್ತು. ಮೂತ್ರ ಚಹಾ ಡಿಕಾಕ್ಷನ್ ಬಣ್ಣ. "ಬಾಣಂತಿಗೆ ನೀರು ಆಗಬಾರದು" ಅಂತ ಮನೆಯವರು ಲೋಟ ಅಳೆದು ಕೊಡುತ್ತಿದ್ದರು. ಕಿಡ್ನಿ ಸೋತು, ಮೂರು ಸಲ ಡಯಾಲಿಸಿಸ್ (ಯಂತ್ರದಿಂದ ರಕ್ತ ಶುದ್ಧ ಮಾಡುವುದು) ಆಗಿ ಉಳಿದಳು.

ಅನುಮಾನ ಬಂದರೆ ಹಳೆಯ ಜಗ್‌ನಲ್ಲಿ ಮೂತ್ರ ಅಳೆಯಿರಿ. 24 ಗಂಟೆಯಲ್ಲಿ 400 ಮಿಲಿಗಿಂತ ಕಡಿಮೆ ಅಂದರೆ ಕಿಡ್ನಿ ಕಷ್ಟದಲ್ಲಿದೆ. ಆದರೆ ರಕ್ತಸ್ರಾವ, ಚಳಿಜ್ವರ, ಫಿಟ್ಸ್, ಬಿಪಿ 140/90 ದಾಟಿದ್ದು, ಇವುಗಳಲ್ಲಿ ಒಂದಿದ್ದರೂ ಅಳೆಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ತಾಯಿ ಕಾರ್ಡ್ ತೆಗೆದುಕೊಂಡು ಹೊರಡಿ.

ಅಂಗಡಿಯಿಂದ ನೋವಿನ ಮಾತ್ರೆ ತರಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಸೋತ ಕಿಡ್ನಿಗೆ ಇನ್ನಷ್ಟು ಹೊಡೆತ. ವಾಂತಿಭೇದಿ ಆಗಿದ್ದರೆ ಒಆರ್‌ಎಸ್ ಕೊಡಿ. ಮೈ ಊದಿದ್ದರೆ ಮಾತ್ರ ಸುಮ್ನೆ ನೀರು ಕುಡಿಸಬೇಡಿ, ಡಾಕ್ಟರ್ ಹೇಳಲಿ.

ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿ: "ಕ್ರಿಯಾಟಿನಿನ್ ಟೆಸ್ಟ್ ಮಾಡಿದಿರಾ?" ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ ಅದು.