ತೀರ್ಥಹಳ್ಳಿಯ ಮಳೆಗಾಲದಲ್ಲಿ ಗ್ರ್ಯಾನ್ ಟೂರಿಸ್ಮೊ 4

ನಮ್ಮ ತೀರ್ಥಹಳ್ಳಿಯ ಮನೆಯ ಪ್ಲೇಸ್ಟೇಷನ್ 2 ಗೇಮ್ ಯಂತ್ರದ ಡಿಸ್ಕ್ ಓದುವ ಲೆನ್ಸ್ ಸೋತು ವರ್ಷಗಳಾಗಿದ್ದವು. ಕಪಾಟಿನಲ್ಲಿದ್ದ ಗ್ರ್ಯಾನ್ ಟೂರಿಸ್ಮೊ 4 ಎಂಬ ಕಾರ್ ರೇಸ್ ಆಟದ ಡಿಸ್ಕಿಗೂ ಮಳೆಗಾಲದ ಬೂಷ್ಟು ಹಿಡಿಯತೊಡಗಿದ್ದರಿಂದ, ಅದು ಪೂರ್ತಿ ಕೆಡುವ ಮೊದಲೇ ಒರೆಸಿ, ಡಿವಿಡಿ ಡ್ರೈವಿನ ಮೂಲಕ ಐಎಸ್ಒ ಫೈಲ್, ಅಂದರೆ ಡಿಸ್ಕಿನ ಪೂರ್ತಿ ನಕಲು, ಮಾಡಿಕೊಂಡೆ. ಯಂತ್ರ ಚಾಲೂ ಆಗಲು ಬೇಕಾದ ಬಯೋಸ್ ಫೈಲನ್ನು ನಮ್ಮದೇ ಯಂತ್ರದಿಂದ ತೆಗೆದು, ಲ್ಯಾಪ್‌ಟಾಪಿನಲ್ಲಿ ಪಿಸಿಎಸ್‌ಎಕ್ಸ್2 ಎಮ್ಯುಲೇಟರನ್ನು, ಅಂದರೆ ಪ್ಲೇಸ್ಟೇಷನ್ 2ರಂತೆ ನಡೆದುಕೊಳ್ಳುವ ತಂತ್ರಾಂಶವನ್ನು, ಸಿದ್ಧಪಡಿಸಿದೆ.

ಚಿತ್ರ ಚೆನ್ನಾಗಿ ಕಾಣಲೆಂಬ ಆಸೆಯಿಂದ ಎಮ್ಯುಲೇಟರ್ ಚಿತ್ರ ಬಿಡಿಸುವ ಸ್ಪಷ್ಟತೆಯನ್ನು, ಅಂದರೆ ಇಂಟರ್ನಲ್ ರೆಸಲ್ಯೂಶನ್ನನ್ನು, ಮೂಲದ ನಾಲ್ಕು ಪಟ್ಟಿಗೆ ಇಟ್ಟೆ. ಆಡಲು ಕುಳಿತ ಅಕ್ಕನ ಮಗ, "ಮಾವಾ, ಕಾರು ಕೆಸರಲ್ಲಿ ಹೂತುಕೊಂಡ ಹಾಗೆ ಹೋಗ್ತಿದೆ" ಎಂದ. ಎಂಜಿನ್ನಿನ ಸದ್ದೂ ಎಳೆದೆಳೆದು ಬರುತ್ತಿತ್ತು. ಆಗ ಪರದೆಯ ಮೇಲೆ ವೇಗದ ಶೇಕಡಾವಾರು, ಇಇ (ಪ್ಲೇಸ್ಟೇಷನ್ 2ರ ಮುಖ್ಯ ಪ್ರೊಸೆಸರಿನ ಕೆಲಸ), ಜಿಎಸ್ (ಅದರ ಚಿತ್ರ ಬಿಡಿಸುವ ಚಿಪ್ಪಿನ ಕೆಲಸ) ಹಾಗೂ ಜಿಪಿಯು (ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್) ಬಳಕೆಯ ಅಂಕಿಗಳು ಕಾಣುವಂತೆ ಮಾಡಿಕೊಂಡೆ. ಇದನ್ನು ಮೊದಲೇ ಮಾಡಿದ್ದರೆ ಒಂದು ಸಂಜೆ ಉಳಿಯುತ್ತಿತ್ತು. ಸೆಕೆಂಡಿಗೆ ಮೂಡುವ ಚಿತ್ರಗಳ, ಅಂದರೆ ಫ್ರೇಮ್‌ಗಳ ಸಂಖ್ಯೆ 60ಕ್ಕೆ ಏರಲಿಲ್ಲವೆಂದು ಚಿಂತಿಸಬೇಕಾಗಿರಲಿಲ್ಲ, ಏಕೆಂದರೆ ನನ್ನದು ಪಾಲ್ ಎಂಬ ಟಿವಿ ಪದ್ಧತಿಯ ಡಿಸ್ಕ್, ಅದರ ಪೂರ್ಣ ವೇಗವೇ ಸೆಕೆಂಡಿಗೆ 50. ನೋಡಬೇಕಾದದ್ದು ಶೇಕಡಾ 100 ಇದೆಯೇ ಎಂಬುದನ್ನು.

ಜಿಪಿಯು ತುಂಬಿಹೋಗಿ ಇಇ ಆರಾಮವಾಗಿದ್ದುದರಿಂದ ತೊಂದರೆ ಎಲ್ಲಿಯದೆಂದು ತಿಳಿಯಿತು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿಗೆ ಆ ಹೊರೆ ಹೆಚ್ಚಾಗಿತ್ತು. ರೆಸಲ್ಯೂಶನ್ನನ್ನು ಎರಡು ಪಟ್ಟಿಗೆ, ಅಂದರೆ ಸುಮಾರು 720ಪಿಗೆ ಇಳಿಸಿ, ಚಿತ್ರ ಬಿಡಿಸುವ ವಿಧಾನವಾದ ರೆಂಡರರನ್ನು ವಲ್ಕನ್‌ಗೆ ಬದಲಿಸಿದ ಮೇಲೆ ವೇಗ 100ರಲ್ಲಿ ನಿಂತಿತು.

ಮರುದಿನ ಸಂಜೆ ಜೋರು ಮಳೆಗೆ ಕರೆಂಟು ಹೋಯಿತು. ಬ್ಯಾಟರಿಯಲ್ಲಿ ಆಟ ಮತ್ತೆ ತಡವರಿಸತೊಡಗಿತು. ಈ ಸಲ ಜಿಪಿಯು ಹಗುರವಾಗಿತ್ತು, ತುಂಬಿದ್ದು ಇಇ. ಸುಮಾರು 294 ಮೆಗಾಹರ್ಟ್ಜ್ ವೇಗದ ಆ ಹಳೆಯ ಪ್ರೊಸೆಸರಿನ ಪ್ರತಿಯೊಂದು ಸೂಚನೆಯನ್ನೂ ನಮ್ಮ ಪ್ರೊಸೆಸರ್ ತನ್ನ ಭಾಷೆಗೆ ತಿರುಗಿಸಿಕೊಳ್ಳಬೇಕಾದ್ದರಿಂದ, ಅದಕ್ಕೆ ಹೆಚ್ಚು ಕೋರ್‌ಗಳಿಗಿಂತ ಒಂದೊಂದು ಕೋರಿನ ವೇಗವೇ ಮುಖ್ಯ. ಬ್ಯಾಟರಿ ಉಳಿಸಲೆಂದು ವಿಂಡೋಸ್ ತಗ್ಗಿಸಿದ್ದು ಅದನ್ನೇ.

ಇದು ಹೊಳೆಯುವ ಮೊದಲು ಇಇ ಸೈಕಲ್ ಸ್ಕಿಪ್ಪಿಂಗನ್ನು ಒಂದು ಹಂತ ಏರಿಸಿ ಮೋಸ ಹೋಗಿದ್ದೆ. ಶೇಕಡಾವಾರು 100 ತೋರಿಸಿದರೂ ತಿರುವುಗಳಲ್ಲಿ ಕಾರು ಜಿಗಿಜಿಗಿದು ಸಾಗುತ್ತಿತ್ತು, ಏಕೆಂದರೆ ಅದು ಆಟ ಮಾಡಬೇಕಾದ ಲೆಕ್ಕವನ್ನೇ ಬಿಟ್ಟುಬಿಡುತ್ತದೆ. ನನ್ನ ಮಟ್ಟಿಗೆ ಅದು ಕೈಹಾಕಬಾರದ ಸೆಟ್ಟಿಂಗು. ಅದನ್ನು ಸೊನ್ನೆಗೆ ತಂದು, ವಿಯು1 ಎಂಬ ಪ್ಲೇಸ್ಟೇಷನ್ 2ರ ಸಹಾಯಕ ಲೆಕ್ಕ ಘಟಕದ ಕೆಲಸವನ್ನು ಬೇರೆ ಥ್ರೆಡ್ಡಿಗೆ (ಪಕ್ಕದಲ್ಲಿ ಸಮಾನಾಂತರವಾಗಿ ನಡೆಯುವ ಕೆಲಸದ ಎಳೆಗೆ) ಕೊಡುವ ಎಂಟಿವಿಯು ಆಯ್ಕೆ ಚಾಲ್ತಿಯಲ್ಲಿದೆಯೆಂದು ಖಚಿತಪಡಿಸಿಕೊಂಡು, ವಿಂಡೋಸಿನ ಪವರ್ ಮೋಡನ್ನು ಗರಿಷ್ಠಕ್ಕೆ ಇಟ್ಟೆ. ಬ್ಯಾಟರಿ ಬೇಗ ಮುಗಿಯುತ್ತದೆ, ನಿಜ, ಆದರೆ ಆಟ ಮುಗ್ಗರಿಸುವುದಿಲ್ಲ.

ಈ ಬದಲಾವಣೆಗಳನ್ನು ಈ ಆಟಕ್ಕೆ ಮಾತ್ರ ಅನ್ವಯಿಸುವಂತೆ ಗೇಮ್ ಪ್ರಾಪರ್ಟೀಸಿನಲ್ಲಿ ಉಳಿಸಿದ್ದೇನೆ. ಪ್ರಗತಿಯನ್ನು ಸೇವ್ ಸ್ಟೇಟಿನಲ್ಲಷ್ಟೇ (ಆಟದ ಆ ಕ್ಷಣವನ್ನು ಎಮ್ಯುಲೇಟರ್ ಇದ್ದಂತೆಯೇ ಹಿಡಿದಿಡುವ ಫೈಲ್) ಇಡದೆ, ಆಟದೊಳಗಿನಿಂದ ಮೆಮೊರಿ ಕಾರ್ಡಿಗೂ ಬರೆಸುತ್ತೇನೆ. ಎಮ್ಯುಲೇಟರಿನ ಆವೃತ್ತಿ ಬದಲಾದರೆ ಹಳೆಯ ಸೇವ್ ಸ್ಟೇಟ್ ತೆರೆಯದಿರಬಹುದು.