ಸೀಟಿ ಊದುವ ಹೊತ್ತು

ನಮ್ಮ ಕೆಂಚಿ ಚಾಕೊಲೇಟ್ ಬಣ್ಣದ ಲ್ಯಾಬ್ರಡಾರ್. ನಾವಿರುವುದು ಅಮೆರಿಕದ ಸೇಂಟ್ ಲೂಯಿಸ್ ಹತ್ತಿರ. ಬೇಟೆಯಲ್ಲಿ ಬಿದ್ದ ಬಾತನ್ನು ತಂದುಕೊಡುವ ನಾಯಿಗಳಿಗೆ ಇಲ್ಲಿ ಫೀಲ್ಡ್ ಟ್ರಯಲ್ ಅಂತ ಸ್ಪರ್ಧೆಗಳಿವೆ. ಎರಡು ವರ್ಷ ತುಂಬದ ನಾಯಿಗಳಿಗೆ ಇರುವುದು ಡರ್ಬಿ. ಅದರಲ್ಲಿ ಅವಳು ಚೆನ್ನಾಗಿಯೇ ಓಡಿದಳು. ಡರ್ಬಿಯಲ್ಲಿ ಬರೀ ಮಾರ್ಕ್. ಬಾತು ಬೀಳುವುದನ್ನು ನಾಯಿ ನೋಡಿರುತ್ತದೆ, ಜಾಗ ನೆನಪಿಟ್ಟುಕೊಂಡು ಹೋಗಿ ತರುತ್ತದೆ. ಹೆಸರು ಕರೆದು ಬಿಟ್ಟರೆ ನನ್ನ ಕೆಲಸ ಹೆಚ್ಚುಕಡಿಮೆ ಮುಗಿಯಿತು.

ಕಷ್ಟ ಇರುವುದು ಬ್ಲೈಂಡ್‌ನಲ್ಲಿ. ಬಾತು ಎಲ್ಲಿದೆ ಅಂತ ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಸೀಟಿ ಒಮ್ಮೆ ಊದಿದರೆ ನಾಯಿ ತಿರುಗಿ ಕೂತು ನನ್ನ ಕೈ ನೋಡಬೇಕು. ಕೈ ಪಕ್ಕಕ್ಕೆ ಚಾಚಿದರೆ ಆ ಕಡೆಗೆ, ಮೇಲೆತ್ತಿದರೆ ಅವಳ ಬೆನ್ನ ಹಿಂದಕ್ಕೆ, ಅಂದರೆ ನನ್ನಿಂದ ಇನ್ನೂ ದೂರಕ್ಕೆ. ದೂರದಿಂದ ಕಾಣಲಿ ಅಂತಲೇ ಬಿಳಿ ಜಾಕೆಟ್ ಹಾಕುತ್ತೇವೆ.

ಕೂರುವುದನ್ನು ಕಲಿಸಿದ್ದು ಊಟದ ತಟ್ಟೆಯ ಮುಂದೆ. ಆಮೇಲೆ ಬಾತಿನ ಬದಲು ಎಸೆಯುವ ಬಂಪರ್‌ಗಳನ್ನು ಎಡಕ್ಕೊಂದು, ಬಲಕ್ಕೊಂದು, ಹಿಂದಕ್ಕೊಂದು ಎಸೆದು, ನಾನು ಕೈ ತೋರಿಸಿದ್ದನ್ನು ಮಾತ್ರ ತರಬೇಕು. ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಹತ್ತೇ ನಿಮಿಷ. ಜಾಸ್ತಿ ಮಾಡಿದರೆ ಅವಳ ಉತ್ಸಾಹ ಇಳಿಯುತ್ತಿತ್ತು.

ಆದರೂ ಡರ್ಬಿಯ ಮುಂದಿನ ಹಂತದ, ಬ್ಲೈಂಡ್ ಕೂಡ ಇರುವ ಮೊದಲ ಕ್ವಾಲಿಫೈಯಿಂಗ್‌ನಲ್ಲೇ ಸೋತೆವು. ಕೊಳದ ನೀರನ್ನು ಓರೆಯಾಗಿ ದಾಟಬೇಕಿತ್ತು. ಗಾಳಿ ಎಡದಿಂದ, ದಡ ಬಲಕ್ಕೆ. ಈಜುವ ನಾಯಿಗೆ ದಡ ಕಂಡರೆ ಅತ್ತಲೇ ಮನಸ್ಸು. ನಾನು ಊದುವಷ್ಟರಲ್ಲಿ ಅವಳು ದಡ ಹತ್ತಿ ಜೊಂಡಿನ ಹಿಂದೆ ಮರೆಯಾಗಿದ್ದಳು. ಮುಂದಿನ ಸುತ್ತಿಗೆ ನಮ್ಮ ನಂಬರ್ ಕರೆಯಲಿಲ್ಲ.

ಹೆಂಡತಿ ವಿಡಿಯೋ ಮಾಡಿದ್ದಳು. ಆ ರಾತ್ರಿ ಕೂತು ನೋಡಿದೆ. ಕೆಂಚಿ ಮೊದಲು ದಡದ ಕಡೆ ತಿರುಗಿಸಿದ್ದು ತಲೆ ಮಾತ್ರ. ಮೈ ತಿರುಗಿದ್ದು ಆಮೇಲೆ. ನಾನು ಊದಿದ್ದು ಮೈ ತಿರುಗಿದ ಮೇಲೆ! ಕೂರುವುದು ಅವಳಿಗೆ ಬರುತ್ತಿತ್ತು. ತಪ್ಪು ನನ್ನದು. ಅಲ್ಲಿಂದ ಅಭ್ಯಾಸ ಬದಲಾಯಿತು. ಅವಳ ತಲೆಯ ಮೇಲೇ ಕಣ್ಣು, ಸೀಟಿ ತುಟಿಯಲ್ಲೇ. ಪ್ರತಿ ವಾರ ವಿಡಿಯೋ ನೋಡಿ, ತಲೆ ತಿರುಗಿದ್ದಕ್ಕೂ ಸೀಟಿ ಕೇಳಿದ್ದಕ್ಕೂ ನಡುವೆ ಎಷ್ಟು ಸೆಕೆಂಡ್ ಅಂತ ಎಣಿಸಿದೆ. ಮೂರಿದ್ದದ್ದು ಒಂದಕ್ಕಿಳಿಯಲು ಇಡೀ ಚಳಿಗಾಲ ಹಿಡಿಯಿತು.

ನಮ್ಮ ಮನೆಯಲ್ಲಿ ಕಿಂಗ್ ಬಕ್‌ನ ಚಿತ್ರವಿದೆ. ನದಿಯಾಚೆ ಇಲಿನಾಯ್‌ನ ನೈಲೋ ಕೆನಲ್‌ನ ಕಪ್ಪು ಲ್ಯಾಬ್ರಡಾರ್ ಅದು. ಮರಿಯಾಗಿದ್ದಾಗ ಡಿಸ್ಟೆಂಪರ್ ಅನ್ನುವ ಮಾರಕ ಕಾಯಿಲೆ ಬಂದು ಬದುಕಿದ್ದೇ ಹೆಚ್ಚು. ಅಂಥ ನಾಯಿ 1952 ಮತ್ತು 1953ರಲ್ಲಿ ಸತತವಾಗಿ ರಾಷ್ಟ್ರೀಯ ಚಾಂಪಿಯನ್ ಆಯಿತು. 1959ರ ಡಕ್ ಸ್ಟಾಂಪ್ (ಬಾತು ಬೇಟೆಗಾರರು ಕೊಳ್ಳಬೇಕಾದ ಸರ್ಕಾರಿ ಸ್ಟಾಂಪ್) ಮೇಲೆ ಬಾತು ಕಚ್ಚಿಕೊಂಡಿರುವುದು ಅದೇ. ಅಷ್ಟು ದೊಡ್ಡ ಮಾತು ನಮಗಿನ್ನೂ ದೂರ. ಫೀಲ್ಡ್ ಚಾಂಪಿಯನ್ ಆಗಲು 10 ಅಂಕ ಬೇಕು. ಮೇಲ್ಮಟ್ಟದ ಸ್ಪರ್ಧೆಯಾದ ಓಪನ್‌ನಲ್ಲಿ ಮೊದಲು ಬಂದರೂ ಸಿಗುವುದು 5.

ವಸಂತದಲ್ಲಿ ಮತ್ತೆ ನೀರಿನ ಬ್ಲೈಂಡ್ ಬಂತು. ಅರ್ಧ ದಾರಿಯಲ್ಲಿ ಕೆಂಚಿಯ ತಲೆ ದಡದ ಕಡೆ ಸ್ವಲ್ಪವೇ ವಾಲಿತು. ಊದಿದೆ. ನೀರಿನಲ್ಲೇ ತಿರುಗಿ ನನ್ನ ಕಡೆ ನೋಡಿದಳು. ಎಡಗೈ ಎತ್ತಿದೆ. ನೇರ ಈಜಿದಳು. ಬಾತು ತಂದು ನನ್ನ ಕೈಗೆ ಕೊಟ್ಟಾಗ ಅವಳ ಮೈಯಿಂದ ನೀರು ಸುರಿಯುತ್ತಿತ್ತು. ಈ ಸಲ ಕರೆದ ನಂಬರ್‌ಗಳಲ್ಲಿ ನಮ್ಮದೂ ಇತ್ತು.