‘ಸ್ವಲ್ಪ ಎತ್ತಿ’ ಎಂದರೆ ಎಷ್ಟು?

ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್ ಉದ್ದವಿದೆ. ತರಬೇತಿಗೆ ಬಳಸುವ ನಮ್ಮ ಪುಟ್ಟ ವಿಮಾನ ಸೆಸ್ನಾ 172ಕ್ಕೆ ಅದು ಧಾರಾಳವಾಯಿತು. ಆದರೂ ಅಂದು ಬೆಳಿಗ್ಗೆ ಅದು ಸಾಲದೆಂದೇ ನನಗೆ ಅನ್ನಿಸಿಬಿಟ್ಟಿತ್ತು. ಎಡಗಡೆ ಕುಳಿತಿದ್ದ ಹಿರಿಯ ಬೋಧಕರು ಆ ದಿನದ ಮಟ್ಟಿಗೆ ವಿದ್ಯಾರ್ಥಿ, ಬಲಗಡೆ ಕುಳಿತಿದ್ದ ನಾನು ಗುರು. ನೆಲ ಇನ್ನೇನು ಇಪ್ಪತ್ತು ಅಡಿ ಇದೆ ಎನ್ನುವಾಗ "ಮೂಗು ಸ್ವಲ್ಪ ಎತ್ತಿ ಸರ್" ಎಂದೆ. ಅವರು ಎತ್ತಿದರು. ವಿಮಾನ ಇಳಿಯುವುದನ್ನು ಮರೆತು ಮೇಲಕ್ಕೆ ತೇಲಿತು, ವೇಗ ಕರಗತೊಡಗಿತು. "ಐ ಹ್ಯಾವ್ ಕಂಟ್ರೋಲ್ಸ್" (ವಿಮಾನ ಈಗ ನನ್ನ ಕೈಯಲ್ಲಿ) ಎಂದು ಕೂಗಿ, ಎಂಜಿನ್‌ನ ಶಕ್ತಿ ಹೆಚ್ಚಿಸುವ ಥ್ರಾಟಲ್ ತಳ್ಳಿದೆ. ಇಳಿಯದೆ ಇನ್ನೊಂದು ಸುತ್ತು ಹೋದೆವು. ಮೇಲೆ ಹೋಗಿ ವಿಮಾನ ಸಮಸ್ಥಿತಿಗೆ ಬಂದ ಮೇಲೆ ಅವರು ನಗದೆ ಕೇಳಿದರು: "ಸ್ವಲ್ಪ ಅಂದೆಯಲ್ಲಮ್ಮ, ಎಷ್ಟು? ಚಿಟಿಕೆ ಉಪ್ಪಿನಷ್ಟೋ, ಮುಷ್ಟಿ ಅಕ್ಕಿಯಷ್ಟೋ?"

ಇಪ್ಪತ್ತು ಪುಟದ ಪಾಠವನ್ನು ಕನ್ನಡಿಯ ಮುಂದೆ ನಿಂತು ಒಪ್ಪಿಸಿ ಬಂದಿದ್ದ ನನ್ನಲ್ಲಿ ಉತ್ತರವಿರಲಿಲ್ಲ.

ವಾಣಿಜ್ಯ ಪೈಲಟ್ ಪರವಾನಗಿಗೆ ಬೇಕಾದ 200 ಗಂಟೆಗಳ ಹಾರಾಟ ಮುಗಿಸಿಕೊಂಡು ಮೈಸೂರಿಗೆ ಹಿಂತಿರುಗಿದವಳು ನಾನು. ಏರ್‌ಲೈನ್ ಕರೆಗೆ ಕಾಯುತ್ತಾ ಕೂರುವ ಬದಲು ಬೋಧಕಿಯಾಗುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಹಿಗ್ಗಲಿಲ್ಲ. ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ನಿಯಮದಂತೆ ಮೊದಲು ಸಹಾಯಕ ಬೋಧಕರಾಗಿ, ಪೂರ್ಣ ಬೋಧಕರ ಮೇಲ್ವಿಚಾರಣೆಯಲ್ಲಿ ಕಲಿಸಬೇಕು. ಅದಕ್ಕಾಗಿ ಬಲಗಡೆಯ ಆಸನದಿಂದ ಹಾರಿಸಲು ಕಲಿಯಬೇಕು. ಎಡಗೈಯಲ್ಲಿ ವಿಮಾನವನ್ನು ವಾಲಿಸುವ, ಎತ್ತುವ ಹಿಡಿಕೆ, ಬಲಗೈಯಲ್ಲಿ ಥ್ರಾಟಲ್ ಎಂದು ರೂಢಿಯಾದ ಕೈಗಳು ಅದಲುಬದಲಾಗುತ್ತವೆ. ಮೊದಲ ಕೆಲವು ದಿನ ಎಡಗೈಯಲ್ಲಿ ಊಟ ಮಾಡಿದ ಹಾಗಿತ್ತು. ಜೊತೆಗೆ ‘ಪ್ಯಾಟರ್’ ಕಲಿಯಬೇಕು. ಕೈ ಮಾಡುವುದನ್ನು ಬಾಯಿ ಅದೇ ಕ್ಷಣದಲ್ಲಿ ಹೇಳುತ್ತಾ ಹೋಗುವ ಮಾತಿನ ಪಾಠಕ್ಕೆ ನಮ್ಮವರು ಇಟ್ಟಿರುವ ಹೆಸರು ಅದು. ಪ್ಯಾಟರ್ ಚೆನ್ನಾಗಿ ಬಂದರೆ ಕಲಿಸಲು ಬಂತು ಎಂದೇ ನಾನು ತಿಳಿದಿದ್ದೆ.

ಬೋಧಕರ ತರಬೇತಿಯ ಮನೋವಿಜ್ಞಾನದ ಪಠ್ಯ ಕೈಗೆ ಬಂದಾಗ ಅದನ್ನು ಪರೀಕ್ಷೆಗೆ ಓದುವ ಇನ್ನೊಂದು ವಿಷಯವೆಂದು ಬದಿಗಿಟ್ಟಿದ್ದೆ. ಬಿ.ಎಡ್ ಮಾಡಿದ್ದ ಅತ್ತಿಗೆಯ ಹಳೆಯ ನೋಟ್ಸ್ ಅಟ್ಟದ ಮೇಲೆ ಸಿಕ್ಕಿತು. ನೋಡಿದರೆ ವಿಮಾನದ ಪಠ್ಯದಲ್ಲಿದ್ದ ಮನೋವಿಜ್ಞಾನಿ ಥಾರ್ನ್‌ಡೈಕ್ ಅಲ್ಲಿ ಕನ್ನಡದಲ್ಲಿ ಕುಳಿತಿದ್ದ: ಸಿದ್ಧತಾ ನಿಯಮ, ಅಭ್ಯಾಸ ನಿಯಮ, ಪರಿಣಾಮ ನಿಯಮ. ಎಂಟನೇ ತರಗತಿಗೆ ಸಮಾಜ ಪಾಠ ಮಾಡುವವರಿಗೂ ವಿಮಾನ ಇಳಿಸಲು ಹೇಳಿಕೊಡುವವರಿಗೂ ಒಂದೇ ಪಾಠ! ಮೈಸೂರಿನಲ್ಲಿ ಇದು ಹೊಸದೂ ಅಲ್ಲ. ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಮನಸ್ಸಿನ ಮೇಷ್ಟರಿಗೂ ಆಕಾಶಕ್ಕೂ ಈ ಊರಿನಲ್ಲಿ ಹಳೆಯ ನಂಟಿದೆ ಎಂದು ಅಂದುಕೊಂಡೇ ನೋಟ್ಸ್‌ನ ಧೂಳು ಕೊಡವಿದೆ.

ಥಾರ್ನ್‌ಡೈಕ್ ತನ್ನ ನಿಯಮಗಳನ್ನು ಹೊಸೆದದ್ದು ಪೆಟ್ಟಿಗೆಯಿಂದ ಹೊರಬರಲು ಒದ್ದಾಡಿದ ಬೆಕ್ಕುಗಳನ್ನು ನೋಡಿ. ಯೆರ್ಕಿಸ್ ಮತ್ತು ಡಾಡ್ಸನ್ ಎಂಬ ಮನೋವಿಜ್ಞಾನಿಗಳು 1908ರಲ್ಲಿ ಇಲಿಗಳಿಗೆ ವಿದ್ಯುತ್ ಮುಟ್ಟಿಸಿ, ಸುಲಭದ ಕೆಲಸವಾದರೆ ಜೋರು ಆಘಾತದಲ್ಲೂ ಕಲಿಯುತ್ತವೆ, ಕಷ್ಟದ ಕೆಲಸವಾದರೆ ಆಘಾತ ಜೋರಾದಷ್ಟೂ ಕಲಿಕೆ ಕೆಡುತ್ತದೆ ಎಂದು ಕಂಡುಕೊಂಡರು. ಬೆಕ್ಕು, ಇಲಿಗಳ ಪಾಠ ಮನುಷ್ಯರಿಗೆ ಪೂರ್ತಿ ಹೊಂದುತ್ತದೆ ಎಂದು ನಾನು ಹೇಳಲಾರೆ. ಆದರೆ ಇಲಿಯ ಪಾಡು ನನಗೆ ಗೊತ್ತು. ನಾನು ಹಾರಲು ಕಲಿತದ್ದು ಬೇರೆ ರಾಜ್ಯದಲ್ಲಿ. ಅಲ್ಲಿ ಒಬ್ಬ ಬೋಧಕರು ಬೈದೇ ಕಲಿಸುವವರು. ಅವರ ದನಿ ಏರಿದ ಕೂಡಲೇ ನನಗೆ ವೇಗದ ಮಾಪಕವೊಂದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಒಮ್ಮೆ ವಿಮಾನ ನಿಲ್ದಾಣದ ನಿಯಂತ್ರಣ ಟವರ್‌ನವರು ಎರಡು ಸಲ ಕರೆದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಹೆಡ್‌ಸೆಟ್ ಸರಿಯಾಗಿಯೇ ಇತ್ತು. ಇಳಿದ ಮೇಲೆ "ಗಾಳಿ ಜಾಸ್ತಿ ಇತ್ತು ಸರ್" ಎಂದಿದ್ದೆ. ನೋಟ್ಸ್‌ನಲ್ಲಿ ‘ರಕ್ಷಣಾ ತಂತ್ರಗಳು’ ಎಂಬ ಪಾಠಕ್ಕೆ ಬಂದಾಗ ಆ ಗಾಳಿ ನೆನಪಾಗಿ ಒಬ್ಬಳೇ ನಕ್ಕೆ. ಕಿವಿ ಮುಚ್ಚಿದ್ದನ್ನು ಒಪ್ಪಿಕೊಳ್ಳಲಾರದೆ ಗಾಳಿಯ ತಲೆಗೆ ಕಟ್ಟಿದ್ದೆ.

ಹಾರಿಸಲು ಕಲಿಸುವ ಅಧಿಕಾರ ಇನ್ನೂ ಇಲ್ಲದ್ದರಿಂದ ಕಿರಿಯರಿಗೆ ನೆಲದ ಮೇಲೆ ಪಾಠ ಹೇಳಿ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ. ಅವರಲ್ಲಿ ಒಬ್ಬ ಮಂಡ್ಯ ಕಡೆಯ ಹುಡುಗ. ಮನೆಯವರದು ಕಬ್ಬಿನ ಬೇಸಾಯ. ಬೆಳಗಿನ ರೈಲು ಹಿಡಿದು ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದ. ಹೊಟ್ಟೆ, ನಿದ್ದೆ, ಭದ್ರತೆ ಆದ ಮೇಲೆಯೇ ಉಳಿದದ್ದು ಎಂದು ಮನೋವಿಜ್ಞಾನಿ ಮಾಸ್ಲೊ 1943ರಲ್ಲಿ ಬರೆದದ್ದನ್ನು ನಾನು ಎರಡು ಇಡ್ಲಿಯಲ್ಲಿ ಜಾರಿಗೆ ತಂದೆ. ಆಮೇಲೆ ಪಾಠ.

"ಸ್ಟಾಲ್ ಎಂದರೇನಪ್ಪ?"

ಮಗ್ಗಿ ಒಪ್ಪಿಸಿದಂತೆ ಹೇಳಿದ: ರೆಕ್ಕೆಗೆ ಗಾಳಿ ತಾಗುವ ಕೋನ ಒಂದು ಮಿತಿ ಮೀರಿದಾಗ ರೆಕ್ಕೆ ಎತ್ತುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಇತ್ಯಾದಿ. ಒಂದು ಅಕ್ಷರವೂ ತಪ್ಪಿಲ್ಲ.

"ಯಾವ ವೇಗದಲ್ಲಿ?"

"48 ನಾಟ್, ಅಕ್ಕ." ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ನಮ್ಮ ವಿಮಾನದ ಕೈಪಿಡಿಯಲ್ಲಿ ಫ್ಲಾಪ್ (ರೆಕ್ಕೆಯ ಹಿಂಬದಿಯ ಇಳಿಸಬಲ್ಲ ಪಟ್ಟಿ) ಇಳಿಸದ ಸ್ಥಿತಿಗೆ ಕೊಟ್ಟಿರುವ ಅಂಕಿಯೂ ಅದೇ.

"60 ಡಿಗ್ರಿ ವಾಲಿಸಿ ತಿರುಗುತ್ತಿದ್ದರೆ?"

ಮೌನ. ಅವನ ಮುಖ ನೋಡಿದರೆ ಆ ಪುಟವನ್ನು ತಲೆಯೊಳಗೆ ಹುಡುಕುತ್ತಿದ್ದಾನೆ ಎಂದು ಗೊತ್ತಾಗುತ್ತಿತ್ತು. ಪಠ್ಯ ಕಲಿಕೆಗೆ ನಾಲ್ಕು ಮೆಟ್ಟಿಲು ಹೇಳುತ್ತದೆ: ಬಾಯಿಪಾಠ, ಅರ್ಥ ಮಾಡಿಕೊಳ್ಳುವುದು, ಬಳಸುವುದು, ಒಂದನ್ನು ಇನ್ನೊಂದರ ಜೊತೆ ಕೂಡಿಸಿ ನೋಡುವುದು. ಉತ್ತರವನ್ನು ನಾನೇ ಹೇಳಿಬಿಟ್ಟರೆ ಅದೂ ಬಾಯಿಪಾಠಕ್ಕೆ ಸೇರುತ್ತದೆ. ಅದಕ್ಕೆ ಅವನ ಊರಿಗೇ ಹೋದೆ. "ಒಂದು ಗಾಡಿ ಕಬ್ಬು ಎಳೆಯುವ ಎತ್ತಿಗೆ ಎರಡು ಗಾಡಿಯ ಹೊರೆ ಕಟ್ಟಿದರೆ ಏನಾಗುತ್ತದೆ?"

"ಬೀಳುತ್ತದೆ. ಇಲ್ಲವೇ ಎರಡರಷ್ಟು ಜೋರಾಗಿ ಎಳೆಯಬೇಕು."

"60 ಡಿಗ್ರಿಯ ಸಮತಟ್ಟಾದ ತಿರುವಿನಲ್ಲಿ ರೆಕ್ಕೆ ಹೊರುವುದು ವಿಮಾನದ ಎರಡರಷ್ಟು ಭಾರ."

ಅವನು ಪೆನ್ನು ತೆಗೆದುಕೊಂಡ. ಎತ್ತುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದು ಅವನಿಗೆ ಬಾಯಿಪಾಠವಿತ್ತು, ಅದೀಗ ಕೆಲಸಕ್ಕೆ ಬಂತು. ಎರಡರ ವರ್ಗಮೂಲ 1.41, ಅದನ್ನು 48ರಿಂದ ಗುಣಿಸಿದರೆ ಹೆಚ್ಚುಕಡಿಮೆ 68. ಅಂಕಿ ಬರೆದವನು ಪೆನ್ನು ಎತ್ತಲಿಲ್ಲ. "ಅಕ್ಕ, ಎಂಜಿನ್ ನಿಂತರೆ ತೇಲಿಕೊಂಡು ಇಳಿಯುವ ವೇಗವೂ 68 ಅಲ್ಲವೇ? ಹಾಗಾದರೆ ಎಂಜಿನ್ ನಿಂತ ಗಾಬರಿಯಲ್ಲಿ 68ರಲ್ಲೇ ಜೋರಾಗಿ ವಾಲಿಸಿ ರನ್‌ವೇಗೆ ಹಿಂತಿರುಗಲು ಹೋದರೆ...?"

ನನ್ನ ಮೈ ಜುಮ್ಮೆಂದಿತು. ಎರಡು ಕಡೆ ಬರುವ ಒಂದೇ ಅಂಕಿ ಬಾಯಿಪಾಠದವನನ್ನು ಗೊಂದಲಕ್ಕೆ ಕೆಡವಬಹುದಿತ್ತು, ಇವನು ಅದನ್ನೇ ಹಿಡಿದು ನಾಲ್ಕನೆಯ ಮೆಟ್ಟಿಲು ಹತ್ತಿಬಿಟ್ಟಿದ್ದ. ಹಾಗೆಂದು ನಾನು ಬಾಯಿಪಾಠವನ್ನು ಹಳಿಯುವವಳಲ್ಲ. ಎಂಜಿನ್ ನಿಂತಾಗ ಮೊದಲು ಮೂಗು ಇಳಿಸಿ 68 ಹಿಡಿ, ಆಮೇಲೆ ಗದ್ದೆ ಹುಡುಕು ಎಂಬುದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಅಲ್ಲಿ ಯೋಚಿಸುತ್ತಾ ಕೂರಲು ಪುರಸೊತ್ತಿಲ್ಲ.

ಇಷ್ಟಾದರೂ ‘ಸ್ವಲ್ಪ’ದ ಲೆಕ್ಕ ಬಗೆಹರಿದಿರಲಿಲ್ಲ. ಅದನ್ನು ಬಗೆಹರಿಸಿದ್ದು ಅಮ್ಮನ ಸ್ಕೂಟರ್.

ಐವತ್ತೆರಡನೆಯ ವಯಸ್ಸಿನಲ್ಲಿ ಅಮ್ಮನಿಗೆ ಸ್ಕೂಟರ್ ಕಲಿಯಬೇಕು ಎನ್ನಿಸಿತು. ಆಷಾಢ ಶುಕ್ರವಾರ ಬೆಟ್ಟಕ್ಕೆ ಹೋಗಲು ಅಪ್ಪನ ಪುರುಸೊತ್ತಿಗೆ ಕಾದು ಕಾದು ಬೇಸತ್ತಿದ್ದಳು. ಕುವೆಂಪುನಗರದ ನಮ್ಮ ಮನೆಯ ಹತ್ತಿರದ ಮೈದಾನದಲ್ಲಿ ಮೊದಲ ದಿನ ನಾನು ಪಕ್ಕದಲ್ಲಿ ಓಡುತ್ತಾ ಪ್ಯಾಟರ್ ಶುರು ಮಾಡಿದೆ. ಗೋಡೆ ಹತ್ತಿರವಾಯಿತು. "ಬ್ರೇಕ್, ಬ್ರೇಕ್!" ಎಂದು ಕಿರುಚಿದೆ. ಸ್ಕೂಟರ್ ನಿಲ್ಲುವ ಬದಲು ನೆಗೆಯಿತು. ಗೋಡೆಗೆ ಮುಂಚೆ ಮರಳಿನ ಗುಡ್ಡೆ ಇದ್ದದ್ದು ನಮ್ಮ ಪುಣ್ಯ. "ಬ್ರೇಕ್ ಅಂದರೆ ಆಕ್ಸಿಲರೇಟರ್ ತಿರುಗಿಸುತ್ತೀಯಲ್ಲಮ್ಮ!" ಎಂದು ರೇಗಿದೆ. ಅವಳು ಸೀರೆಯ ಮರಳು ಕೊಡವಿಕೊಂಡು, "ನೀನು ವಿಮಾನ ಕಲಿಸುವುದೂ ಹೀಗೆಯೇ ಏನೇ?" ಎಂದಳು.

ಮರುದಿನ ಪಠ್ಯದಲ್ಲಿದ್ದ ಒಂದು ಉಪಾಯ ಮಾಡಿದೆ. ಕಲಿಯುವವರು ಹೇಳಬೇಕು, ಕಲಿಸುವವರು ಹೇಳಿದಷ್ಟನ್ನೇ ಮಾಡಬೇಕು. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೇಳಿದೆ: "ನೀನು ಹೇಳು. ಹೇಳದ್ದನ್ನು ನಾನು ಮಾಡುವುದಿಲ್ಲ."

"ಸ್ಟಾರ್ಟ್ ಮಾಡು."

ಗುಂಡಿ ಒತ್ತಿದೆ. ಆಗಲಿಲ್ಲ. ಬ್ರೇಕ್ ಹಿಡಿಯದೆ ನಮ್ಮ ಸ್ಕೂಟರ್ ಸ್ಟಾರ್ಟ್ ಆಗುವುದಿಲ್ಲ. ಅಮ್ಮ ಎರಡು ನಿಮಿಷ ಯೋಚಿಸಿ, "ಬ್ರೇಕ್ ಹಿಡಿ" ಎಂದಳು. ಸ್ಟ್ಯಾಂಡ್ ತೆಗೆ ಎನ್ನಲು ಇನ್ನೊಂದು ನಿಮಿಷ. ಆಮೇಲೆ ಬಂತು ನೋಡಿ: "ಈಗ ಮುಂದಕ್ಕೆ ತಿರುಗಿಸು, ಹೊರಡಲಿ." ಮುಂದಕ್ಕೆ ತಿರುಗಿಸಿದರೆ ಅದು ತಿರುಗುವುದೇ ಇಲ್ಲ. ನಾನು ತೋರಿಸಿದೆ. ಅಮ್ಮನ ತಲೆಯಲ್ಲಿ ಮುಂದಕ್ಕೆ ತಿರುಗಿಸಿದರೆ ಓಟ, ತನ್ನ ಕಡೆಗೆ ಎಳೆದುಕೊಂಡರೆ ನಿಲುಗಡೆ. ಓಡುವ ಎತ್ತನ್ನು ನಿಲ್ಲಿಸಲು ಹಗ್ಗ ಎಳೆದುಕೊಳ್ಳುವುದನ್ನು ಚಿಕ್ಕಂದಿನಲ್ಲಿ ನೋಡಿ ಬೆಳೆದವಳು. ಹಿಂದಿನ ದಿನ ಹೆದರಿದಾಗ ಅವಳು ಮಾಡಿದ್ದೂ ಅದೇ. ಬಿಗಿಯಾಗಿ ಹಿಡಿದು ತನ್ನ ಕಡೆಗೆ ಎಳೆದುಕೊಂಡಿದ್ದಳು. ವಿಮಾನವನ್ನು ನೆಲದ ಮೇಲೆ ಓಡಿಸುವಾಗ ಹೊಸಬರು ದಿಕ್ಕು ತಿರುಗಿಸುವ ಕಾಲಿನ ರಡ್ಡರ್ ಪೆಡಲ್ ಮರೆತು ಕೈಯ ಹಿಡಿಕೆಯನ್ನು ಕಾರಿನ ಸ್ಟೇರಿಂಗ್‌ನಂತೆ ತಿರುಗಿಸುತ್ತಾರಲ್ಲ, ಅಂಥದ್ದೇ. ನೋಟ್ಸ್‌ನಲ್ಲಿ ಇದಕ್ಕೆ ‘ಕಲಿಕೆಯ ವರ್ಗಾವಣೆ’ ಎಂದು ಹೆಸರಿದೆ, ಹಳೆಯದು ಹೊಸದಕ್ಕೆ ಅಡ್ಡ ಬರುವ ಬಗೆ. ನಾನು ದಿನವಿಡೀ ಕಿರುಚಿದ್ದರೂ ಇದು ಗೊತ್ತಾಗುತ್ತಿರಲಿಲ್ಲ, ಅವಳ ಬಾಯಿಂದಲೇ ಬರಬೇಕಿತ್ತು.

ಆಮೇಲೆ ನಾನು ‘ಬ್ರೇಕ್’ ಎನ್ನುವುದನ್ನು ಬಿಟ್ಟು "ಬೆರಳು ಚಾಚು" ಎನ್ನತೊಡಗಿದೆ. ಬೆರಳು ಚಾಚಿದರೆ ಹಿಡಿತ ಸಡಿಲವಾಗುತ್ತದೆ, ಬ್ರೇಕೂ ಸಿಗುತ್ತದೆ. ಎರಡು ವಾರದಲ್ಲಿ ಅವಳು ಸರಸ್ವತಿಪುರಂವರೆಗೆ ಹೋಗಿಬಂದಳು. ಬೆಟ್ಟಕ್ಕೆ ಇನ್ನೂ ಧೈರ್ಯ ಸಾಲದು.

ಮಂಡಕಳ್ಳಿಗೆ ಹೋಗಿ ಹ್ಯಾಂಗರ್‌ನಲ್ಲಿ ನಿಂತಿದ್ದ ವಿಮಾನದ ಎಡಗಡೆಯ ಆಸನದಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತೆ. ಅಲ್ಲಿಂದ ಎಂಜಿನ್ ಮುಚ್ಚಳದ ಅಂಚು ಹೇಗೆ ಕಾಣುತ್ತದೆ ಎಂದು ಕಾಗದದ ಮೇಲೆ ಗೀರಿಕೊಂಡೆ. ಬಲಗಡೆ ಬಂದು ಕುಳಿತು ಇನ್ನೊಂದು ಗೀರಿದೆ. ಎರಡೂ ಬೇರೆಯೇ. ಅಷ್ಟು ದಿನ ನಾನು ನನಗೆ ಕಾಣುತ್ತಿದ್ದುದನ್ನೇ ವಿದ್ಯಾರ್ಥಿಗೂ ಕಾಣುತ್ತಿದೆ ಎಂದು ನಂಬಿ ಹೇಳುತ್ತಿದ್ದೆ. ಪ್ಯಾಟರ್‌ನ ಆ ಪುಟವನ್ನು ಹರಿದು ಹೊಸದಾಗಿ ಬರೆದೆ. ‘ಸ್ವಲ್ಪ ಎತ್ತಿ’ ಎಂಬುದರ ಜಾಗದಲ್ಲಿ ಈಗ ಹೀಗಿದೆ: "ಮುಚ್ಚಳದ ಅಂಚು ರನ್‌ವೇಯ ಆ ತುದಿಯನ್ನು ಮುಟ್ಟುವವರೆಗೆ ಎಳೆಯಿರಿ. ಮುಟ್ಟಿತೇ? ಆ ಚಿತ್ರ ಕೆಡದ ಹಾಗೆ ನೋಡಿಕೊಳ್ಳಿ."

ಮುಂದಿನ ಹಾರಾಟದ ದಿನ ಪಶ್ಚಿಮದ ಗಾಳಿ ಹದವಾಗಿತ್ತು. ಎಡಗಡೆ ಮತ್ತೆ ಅದೇ ವಿದ್ಯಾರ್ಥಿ. ಹೊಸ ಮಾತುಗಳನ್ನು ಹೇಳಿದೆ. ವಿಮಾನ ಈ ಸಲ ತೇಲಲಿಲ್ಲ. ಕೊನೆಯ ಕೆಲವು ಸೆಕೆಂಡು ಬಾಯಿ ಮುಚ್ಚಿಕೊಂಡಿದ್ದೆ, ಅದು ನನಗೆ ಮಾತಿಗಿಂತ ಕಷ್ಟವಾಯಿತು. ಚಕ್ರಗಳು ನೆಲ ಮುಟ್ಟಿದವು, ಆದರೆ ನಡುಗೆರೆಯಿಂದ ಎರಡು ಮಾರು ಎಡಕ್ಕೆ, ಸ್ವಲ್ಪ ಓರೆಯಾಗಿ. ಟ್ಯಾಕ್ಸಿವೇಗೆ ಹೊರಳಿದ ಮೇಲೆ, ಮೊದಲಾಗಿದ್ದರೆ ಪಟ್ಟಿ ಮಾಡುತ್ತಿದ್ದ ತಪ್ಪುಗಳನ್ನು ನುಂಗಿಕೊಂಡು ಕೇಳಿದೆ: "ಇಳಿಯುವಾಗ ನಿಮಗೆ ಏನು ಕಾಣಿಸುತ್ತಿತ್ತು ಸರ್?"

"ನಿನ್ನ ಎಡಗೈ" ಎಂದರು.

ನೋಡಿಕೊಂಡೆ. ಥ್ರಾಟಲ್ ಮೇಲಿದ್ದ ಅವರ ಬಲಗೈಯ ಪಕ್ಕದಲ್ಲೇ ನನ್ನ ಕೈ ಇನ್ನೂ ಕೋಳಿ ಹಿಡಿಯಲು ಹೊಂಚು ಹಾಕಿದಂತೆ ಗಾಳಿಯಲ್ಲಿ ನಿಂತಿತ್ತು. "ಅದು ಯಾವಾಗ ಮೇಲೆ ಬೀಳುತ್ತದೋ ಎಂದು ಅದನ್ನೇ ನೋಡುತ್ತಿದ್ದೆ. ರನ್‌ವೇ ನೋಡಲು ಎಲ್ಲಿ ಬಿಟ್ಟೆ?" ಎಂದು ನಕ್ಕು, ಕೈಯನ್ನು ಎಲ್ಲಿ ಇಡಬೇಕೆಂದು ತೋರಿಸಿದರು: ಥ್ರಾಟಲ್‌ನ ಹಿಂದೆ, ಕೆಳಗೆ, ತೊಡೆಗೆ ತಾಗಿಸಿ. ಬೇಕಾದಾಗ ತಕ್ಷಣ ಸಿಗುವಷ್ಟು ಹತ್ತಿರ, ಎಡಗಡೆಯವರ ಕಣ್ಣಿಗೆ ಬೀಳದಷ್ಟು ಕೆಳಗೆ.